ತಕ್ಕಾವಿಯಿಂದ ನೇರ ಜಮೆಯವರೆಗೆ: ನಮ್ಮ ಗಡಿಸೀಮೆಯ ರೈತ ಮತ್ತು ಸರ್ಕಾರದ ಹಣ

ಸಾಹಿತ್ಯ ಸಮ್ಮೇಳನಗಳ ಸ್ಮರಣ ಸಂಚಿಕೆಗಳಲ್ಲಿ ಶಾಸನ, ಕಾವ್ಯ, ಜಾನಪದ, ದೇವಾಲಯಗಳನ್ನು ಕುರಿತ ಲೇಖನಗಳು ಬರುವುದು ವಾಡಿಕೆ. ಅವೆಲ್ಲವೂ ಅವಶ್ಯವಾದವುಗಳೇ. ಆದರೆ ರಾಯದುರ್ಗ ಮತ್ತು ಮಡಕಶಿರಾ ಸೀಮೆಯ ಕನ್ನಡಿಗರಲ್ಲಿ ಬಹುಮಂದಿ ತಲೆತಲಾಂತರದಿಂದ ಒಕ್ಕಲುತನವನ್ನೇ ನೆಚ್ಚಿ ಬಾಳಿದವರು. ಅವರ ಮನೆಯ ಪೆಟ್ಟಿಗೆಯಲ್ಲಿ ಓಲೆಗರಿ ಸಿಗುವುದು ಅಪರೂಪ. ಕಿಸ್ತಿನ ರಸೀದಿ, ಪಟ್ಟಾ, ಸಹಕಾರ ಸಂಘದ ಸಾಲದ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕುಗಳು ಮಾತ್ರ ಮನೆಮನೆಯಲ್ಲೂ ಸಿಗುತ್ತವೆ. ಈ ಕಾಗದಗಳೂ ನಮ್ಮ ಚರಿತ್ರೆಯ ಆಕರಗಳೇ. ಸರ್ಕಾರವು ರೈತನಿಂದ ಕಂದಾಯ ಪಡೆದ ಚರಿತ್ರೆಯನ್ನು ಅನೇಕರು ಬರೆದಿದ್ದಾರೆ. ಸರ್ಕಾರವು ರೈತನಿಗೆ ಕೊಟ್ಟ ಹಣದ ಚರಿತ್ರೆಯನ್ನು ನಮ್ಮ ಸೀಮೆಯ ಮಟ್ಟಿಗೆ ಒಂದೆಡೆ ಕೂಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ನೆಲದ ಸ್ವರೂಪವನ್ನು ನೆನೆಯಬೇಕು. ಅನಂತಪುರ ಸೀಮೆಗೆ ನೈರುತ್ಯ ಮಾರುತ ಬರುವ ವೇಳೆಗೆ ಪಶ್ಚಿಮ ಘಟ್ಟಗಳು ಅದರ ನೀರನ್ನು ಹೀರಿಕೊಂಡಿರುತ್ತವೆ. ಈಶಾನ್ಯ ಮಾರುತ ಪೂರ್ವ ಕರಾವಳಿಯಿಂದ ಇಷ್ಟು ದೂರ ಬರುವಷ್ಟರಲ್ಲಿ ಬಡವಾಗಿರುತ್ತದೆ. ವರ್ಷದ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಅದೂ ಬೇಕಾದಾಗ ಬರುವುದಿಲ್ಲ. ಬಿತ್ತನೆಗೆ ಒಂದು ಹದ ಸಿಕ್ಕಿ, ಕಾಯಿ ಕಟ್ಟುವ ಹೊತ್ತಿಗೆ ತಿಂಗಳುಗಟ್ಟಲೆ ಬಿಸಿಲು ಕಾದರೆ ವರ್ಷವೇ ಹೋದಂತೆ. ಇಂಥ ನೆಲದಲ್ಲಿ ಒಕ್ಕಲಿಗನು ಯಾರದಾದರೂ ಆಸರೆಯಿಲ್ಲದೆ ಸತತವಾಗಿ ನಿಲ್ಲಲಾರ. ಆ ಆಸರೆ ಯಾವ ರೂಪದಲ್ಲಿ ಬಂತು, ಯಾರ ಕೈಗೆ ಬಂತು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಕೆರೆಗೆ ಕೊಟ್ಟ ಭೂಮಿ

ಇಂದು ಶ್ರೀ ಸತ್ಯಸಾಯಿ ಜಿಲ್ಲೆಯ ಅಮರಾಪುರ ಮಂಡಲಕ್ಕೆ ಸೇರಿರುವ ಹೇಮಾವತಿಯು ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತೆಂಬುದು ನಮ್ಮ ಓದುಗರಿಗೆ ತಿಳಿದದ್ದೇ. ಆ ಕಾಲದಿಂದ ವಿಜಯನಗರದವರೆಗಿನ ಶಾಸನಗಳಲ್ಲಿ ಒಕ್ಕಲುತನಕ್ಕೆ ಸಂಬಂಧಿಸಿದ ಕೆಲವು ಮಾತುಗಳು ಮತ್ತೆ ಮತ್ತೆ ಬರುತ್ತವೆ: ಬಿತ್ತುವಟ್ಟ, ಕೆರೆಗೊಡಗೆ, ದಶವಂದ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಅದರ ಏರಿ, ತೂಬುಗಳನ್ನು ವರ್ಷವರ್ಷವೂ ನೋಡಿಕೊಳ್ಳುವವನಿಗೆ ಕೊಟ್ಟ ಭೂಮಿ ಅಥವಾ ಬೆಳೆಯ ಪಾಲು ಎಂಬುದು ಇವುಗಳ ಸ್ಥೂಲವಾದ ಅರ್ಥ. ದಶವಂದವೆಂದರೆ ಹತ್ತರಲ್ಲೊಂದು ಎಂಬುದು ಪದದಿಂದಲೇ ತಿಳಿಯುತ್ತದೆ. ಈ ದಶವಂದದ ಇನಾಮುಗಳು ಬ್ರಿಟಿಷರ ಕಾಲದವರೆಗೂ ನಮ್ಮ ಭಾಗದಲ್ಲಿ ಉಳಿದುಬಂದವು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಆ ಕೊಡುಗೆಯು ಒಂದು ಕೆಲಸಕ್ಕೆ ಕಟ್ಟುಬಿದ್ದ ಕೊಡುಗೆಯಾಗಿತ್ತು. ಕೆರೆ ನಿಂತರೆ ಕೊಡುಗೆ ನಿಲ್ಲಬೇಕು. ಕೆರೆ ಒಡೆದರೆ ಕೊಡುಗೆಗೆ ಅರ್ಥವಿಲ್ಲ. ಕೆರೆಯಲ್ಲಿ ನೀರು ನಿಂತಾಗ ಅಚ್ಚುಕಟ್ಟಿನ ಒಡೆಯನಿಗೆ ಬೆಳೆ, ಕೋರಿಗೆ ಮಾಡುವವನಿಗೆ ಅವನ ಪಾಲು, ನಾಟಿಗೆ ಹೋಗುವವರಿಗೆ ಕೂಲಿ, ದನಕರುಗಳಿಗೆ ಕುಡಿಯುವ ನೀರು. ಹಾಗೆಂದು ಆ ಕಾಲವನ್ನು ಬರಿದೇ ಹೊಗಳುವುದು ತರವಲ್ಲ. ಇನಾಮು ಸಾಮಾನ್ಯವಾಗಿ ಊರಿನ ಬಲಾಢ್ಯರ ಕೈಸೇರಿತ್ತು. ಕೆರೆ ಹೂಳು ತುಂಬಿದ ಮೇಲೂ ಇನಾಮನ್ನು ಅನುಭವಿಸುತ್ತಿದ್ದವರಿದ್ದರು. ಆದರೂ ಸಹಾಯವು ವ್ಯಕ್ತಿಗಿಂತ ಹೆಚ್ಚಾಗಿ ಊರಿನ ನೀರಿಗೆ ಸಲ್ಲಬೇಕೆಂಬ ವಿವೇಕ ಆ ಏರ್ಪಾಡಿನಲ್ಲಿತ್ತು.

ದತ್ತಮಂಡಲವೂ ತಕ್ಕಾವಿಯೂ

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಆದ್ದರಿಂದಲೇ ಇವಕ್ಕೆ ದತ್ತಮಂಡಲವೆಂಬ ಹೆಸರು ಬಂತು. ರಾಯಲಸೀಮೆ ಎಂಬ ಹೆಸರು ರೂಢಿಗೆ ಬಂದದ್ದು 1928ರ ನಂತರ. ಥಾಮಸ್ ಮನ್ರೋ 1800ರಿಂದ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರಾಗಿದ್ದನು. ಜಮೀನ್ದಾರನ ಮಧ್ಯಸ್ಥಿಕೆಯಿಲ್ಲದೆ ಸರ್ಕಾರವು ನೇರವಾಗಿ ರೈತನೊಡನೆ ಕಂದಾಯದ ಲೆಕ್ಕ ಮಾಡುವ ರೈತವಾರಿ ಪದ್ಧತಿಯನ್ನು ಅವನು ಇಲ್ಲಿ ನೆಲೆಗೊಳಿಸಿದನು. ಹೊಲಗಳನ್ನು ಅಳೆಯಿಸಿ, ಒಂದೊಂದು ಹೊಲಕ್ಕೂ ದರ ಕಟ್ಟಿ, ರೈತನ ಹೆಸರಿಗೆ ಪಟ್ಟಾ ಕೊಡುವ ಕ್ರಮ ಆಗ ಬೇರೂರಿತು. ನಮ್ಮ ಕಥೆಯಲ್ಲಿ ಈ ಪಟ್ಟಾ ಎಂಬ ಕಾಗದದ ಪಾತ್ರ ಬಹಳ ದೊಡ್ಡದು.

ಪಾಳೆಯಗಾರರ ಕಾಳಗ, ದಂಡಿನ ಓಡಾಟ, ಬರಗಳಿಂದ ಸೀಮೆ ಸೊರಗಿದ್ದ ಕಾಲವದು. ಬೀಜ, ಎತ್ತುಗಳಿಲ್ಲದ ರೈತನಿಗೆ, ಬಾವಿ ತೋಡಿಸುವವನಿಗೆ ಮುಂಗಡವಾಗಿ ಕೊಡುತ್ತಿದ್ದ ಸಾಲಕ್ಕೆ ತಕ್ಕಾವಿಯೆಂದು ಹೆಸರು. ಇದು ಕಂಪನಿಯವರ ಹೊಸ ಕಲ್ಪನೆಯಲ್ಲ, ಹಿಂದಿನ ಆಳ್ವಿಕೆಗಳಿಂದ ಬಂದ ರೂಢಿ. ಇದನ್ನು ದಾನವೆಂದು ತಿಳಿಯಬಾರದು. ರೈತನು ಬಿತ್ತಿದರೆ ತಾನೇ ಕಂದಾಯ? ಬಿತ್ತನೆಗೆ ಕೈಗಡ ಕೊಟ್ಟು ಸುಗ್ಗಿಯಲ್ಲಿ ಕಿಸ್ತಿನೊಡನೆ ಅದನ್ನೂ ವಸೂಲು ಮಾಡಿಕೊಳ್ಳುವುದು ಸರ್ಕಾರಕ್ಕೆ ಲಾಭದ ಕೆಲಸವೇ ಆಗಿತ್ತು.

ಆದರೂ ದರ ಭಾರವಾಯಿತೆಂಬುದನ್ನು ಮನ್ರೋ ತಾನೇ ಕಂಡುಕೊಂಡನು. ಅಳತೆಯಂತೆ ಕಟ್ಟಿದ ದರದಲ್ಲಿ ನೂರಕ್ಕೆ 25ರಷ್ಟನ್ನು ಇಳಿಸಬೇಕು, ಕೆರೆ ಬಾವಿಗಳನ್ನು ರೈತರೇ ದುರಸ್ತಿಯಲ್ಲಿಟ್ಟುಕೊಳ್ಳುವ ಜಮೀನುಗಳಿಗೆ ಮತ್ತೆ 8ರಷ್ಟು ಬಿಡಬೇಕು ಎಂದು 1807ರಲ್ಲಿ ಸಲಹೆ ಮಾಡಿದನು. ಮೇಲಿನವರು ಒಪ್ಪಲಿಲ್ಲ, ರೈತವಾರಿಯನ್ನೇ ಬಿಟ್ಟು ಹಳ್ಳಿಗಳನ್ನು ಇಡಿಯಾಗಿ ಗುತ್ತಿಗೆಗೆ ಕೊಟ್ಟರು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರಾಗಿ ಬಂದ ಮೇಲೆಯೇ ಆ ಇಳಿಕೆ ಜಾರಿಗೆ ಬಂತು. ಕಂದಾಯವನ್ನು ಇಳಿಸುವುದೂ ಹಣ ಕೊಟ್ಟಂತೆಯೇ. ನಮ್ಮ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುತ್ತಿದ್ದುದರ ಹಿಂದೆ ಈ ಇಳಿಕೆಯ ನೆನಪೂ ಇದ್ದಿರಬೇಕೆಂದು ನಮಗೆ ತೋರುತ್ತದೆ. ಅವನು 1827ರಲ್ಲಿ ಇದೇ ಸೀಮೆಯ ಪ್ರವಾಸದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡನು.

ಧಾತು ಸಂವತ್ಸರದ ಬರ

1876ರ ಧಾತು, 1877ರ ಈಶ್ವರ ಸಂವತ್ಸರಗಳ ಬರವನ್ನು ನಮ್ಮ ಅಜ್ಜಂದಿರು ಅವರ ಅಜ್ಜಂದಿರಿಂದ ಕೇಳಿ ತಿಳಿದಿದ್ದರು. ಮದ್ರಾಸು ಪ್ರಾಂತ್ಯದಲ್ಲಿ ಬಳ್ಳಾರಿ ಜಿಲ್ಲೆ ಅತಿಯಾಗಿ ನೊಂದ ಜಿಲ್ಲೆಗಳಲ್ಲೊಂದು. ಅನಂತಪುರ ಆಗ ಅದರ ಭಾಗವೇ ಆಗಿದ್ದು, 1882ರಲ್ಲಿ ಬೇರೆ ಜಿಲ್ಲೆಯಾಯಿತು. ಬರದ ಕೆಲಸಗಳಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆ ಎಂದು ಸರ್ ರಿಚರ್ಡ್ ಟೆಂಪಲ್ ಗೊತ್ತುಪಡಿಸಿದ ಕೂಲಿ ದುಡಿಯುವ ದೇಹಕ್ಕೆ ಸಾಲದೆಂದು ಆಗಲೇ ವೈದ್ಯಾಧಿಕಾರಿಗಳು ತಕರಾರು ಎತ್ತಿದ್ದರು.

ಆ ಬರದ ಪಾಠವನ್ನು ಕಲಿಯಲೆಂದು ರಿಚರ್ಡ್ ಸ್ಟ್ರಾಚಿಯ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗ ನೇಮಕವಾಗಿ 1880ರಲ್ಲಿ ವರದಿ ಕೊಟ್ಟಿತು. ಅದರ ಬೆನ್ನಲ್ಲೇ ಎರಡು ಕಾಯಿದೆಗಳು ಬಂದವು. 1883ರ ಭೂಸುಧಾರಣಾ ಸಾಲಗಳ ಕಾಯಿದೆಯು ಬಾವಿ, ಬದು, ಕಟ್ಟೆ ಮೊದಲಾದ ಸ್ಥಿರವಾದ ಕೆಲಸಗಳಿಗೆ. ತೀರುವಳಿಗೆ 35 ವರ್ಷಗಳವರೆಗೂ ಅವಧಿ ಕೊಡಬಹುದಾಗಿತ್ತು. 1884ರ ಕೃಷಿಕರ ಸಾಲಗಳ ಕಾಯಿದೆಯು ಬೀಜ, ದನಗಳ ಖರೀದಿ ಮತ್ತು ಸಂಕಟ ನಿವಾರಣೆಗೆ. ಹಳೆಯ ತಕ್ಕಾವಿ ಈಗ ಕಾನೂನಿನ ಅಂಗಿ ತೊಟ್ಟಿತು. ಸಾಲ ತೀರದಿದ್ದರೆ ಕಂದಾಯದ ಬಾಕಿಯಂತೆಯೇ ವಸೂಲಿ, ಅಂದರೆ ಹೊಲವೇ ಹರಾಜಿಗೆ. ಜಾಮೀನಾಗಿ ಹೊಲವಿದ್ದವನಿಗೆ ಸಾಲ ಸುಲಭ. ಹೊಲವಿಲ್ಲದವನು ಸಾಹುಕಾರನ ಮನೆಯ ಬಾಗಿಲಿಗೇ ಹೋಗಬೇಕು. ಬರಗಾಲದಲ್ಲಿ ಮೊದಲು ಹಸಿದವನು ಕೂಲಿಯವನು. ಸರ್ಕಾರದ ಸಾಲ ಮೊದಲು ತಲುಪಿದ್ದು ಪಟ್ಟಾದಾರನಿಗೆ. ಈ ಅಂತರ ಮುಂದೆಯೂ ಮುಚ್ಚಲಿಲ್ಲ.

ಚಿತ್ರದುರ್ಗದ ಮಳೆಯ ಲೆಕ್ಕ

ಸಾಲವು ಬರ ಬಂದ ಮೇಲಿನ ಮದ್ದು. ಬರ ಬರುವ ಮೊದಲೇ ರೈತನು ತಾನೇ ಸ್ವಲ್ಪ ಹಣ ಕಟ್ಟಿ, ಬರ ಬಂದಾಗ ಹಕ್ಕಿನಿಂದ ಪರಿಹಾರ ಪಡೆಯುವಂತೆ ಮಾಡಲಾಗದೆ? ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಮೊದಲು ಕ್ರಮವಾಗಿ ಎತ್ತಿಕೊಂಡವರಲ್ಲಿ ಮೈಸೂರು ಸಂಸ್ಥಾನದ ಅಧಿಕಾರಿ ಜೆ.ಎಸ್. ಚಕ್ರವರ್ತಿಯವರು ಪ್ರಮುಖರು. 1920ರಲ್ಲಿ ಪ್ರಕಟವಾದ ಅವರ ಪುಸ್ತಕವು ಭಾರತದ ಸ್ಥಿತಿಗತಿಗಳಿಗೆ ಒಗ್ಗುವ ಬೆಳೆ ವಿಮೆಯ ಯೋಜನೆಯೊಂದನ್ನು ಮುಂದಿಟ್ಟಿತು. ಅದರಲ್ಲಿ ಅವರು ಉದಾಹರಣೆಗೆ ತೆಗೆದುಕೊಂಡದ್ದು ಚಿತ್ರದುರ್ಗದ ಹಲವು ದಶಕಗಳ ಮಳೆಯ ಅಂಕಿಗಳನ್ನು. ರಾಯದುರ್ಗಕ್ಕೆ ಚಿತ್ರದುರ್ಗದ ಮೊಳಕಾಲ್ಮೂರು ಬಗಲಿನ ಊರು. ಅಲ್ಲಿಯ ಮಳೆಗೂ ಇಲ್ಲಿಯ ಮಳೆಗೂ ಹೆಚ್ಚಿನ ಭೇದವಿಲ್ಲ.

ಅವರ ಯುಕ್ತಿ ಸರಳವಾದದ್ದು. ಒಬ್ಬೊಬ್ಬನ ಹೊಲದ ನಷ್ಟವನ್ನು ಅಳೆಯಹೊರಟರೆ ಖರ್ಚೂ ಹೆಚ್ಚು, ಜಗಳವೂ ಹೆಚ್ಚು, ಮೋಸಕ್ಕೂ ದಾರಿ. ಮಳೆಮಾಪಕ ಮಾತ್ರ ಯಾರ ಮುಲಾಜನ್ನೂ ನೋಡುವುದಿಲ್ಲ. ಒಂದು ಪ್ರದೇಶದಲ್ಲಿ ಮಳೆ ಇಷ್ಟಕ್ಕಿಂತ ಕಡಿಮೆಯಾದರೆ ಅಲ್ಲಿಯ ವಿಮೆದಾರರಿಗೆಲ್ಲ ಇಷ್ಟು ಹಣ ಎಂದು ಮೊದಲೇ ಗೊತ್ತುಮಾಡಿದರೆ ಸಾಕು. ಯೋಜನೆ ಆಗ ಜಾರಿಯಾಗಲಿಲ್ಲ. ಎಂಟು ದಶಕಗಳ ನಂತರ, ಮಳೆಯಾಧಾರಿತ ವಿಮೆ ನಮ್ಮ ದೇಶದಲ್ಲಿ ಪ್ರಯೋಗಕ್ಕೆ ಬಂದಾಗ, ಪಂಡಿತರು ಚಕ್ರವರ್ತಿಯವರ ಪುಸ್ತಕವನ್ನು ಮತ್ತೆ ಹುಡುಕಿ ತೆಗೆದರು. ಕನ್ನಡ ನಾಡಿನ ಬಯಲುಸೀಮೆಯ ಮಳೆಯೇ ಇಂಥದೊಂದು ಚಿಂತನೆಗೆ ಕಾರಣವಾಯಿತೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಗಡಿ ಬಂತು, ಶೇಂಗಾ ಬಂತು

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅಂದೇ ಬಳ್ಳಾರಿ ಜಿಲ್ಲೆ ಇಬ್ಭಾಗವಾಗಿ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೂ ಉಳಿದವು ಮೈಸೂರಿಗೂ ಸೇರಿದವು. ರಾಯದುರ್ಗ ಅನಂತಪುರ ಜಿಲ್ಲೆಯ ತಾಲೂಕಾಯಿತು; ಮಡಕಶಿರಾ ಮೊದಲಿನಿಂದಲೂ ಅಲ್ಲಿಯೇ ಇತ್ತು. ಅಣ್ಣನ ಹೊಲ ಒಂದು ರಾಜ್ಯದಲ್ಲಿ, ತಮ್ಮನ ಹೊಲ ಇನ್ನೊಂದು ರಾಜ್ಯದಲ್ಲಿ ಆದ ಮನೆತನಗಳು ನಮ್ಮಲ್ಲಿ ಹಲವು. ಒಂದೇ ಮಳೆ ತಪ್ಪಿದಾಗ ಎರಡು ಸರ್ಕಾರಗಳು ಎರಡು ಬಗೆಯ ಪರಿಹಾರ ಕೊಡುವುದನ್ನು ಇವರು ಅಂದಿನಿಂದಲೂ ಕಾಣುತ್ತ ಬಂದಿದ್ದಾರೆ.

ಆಮೇಲಿನ ದಶಕಗಳಲ್ಲಿ ಸಜ್ಜೆ, ನವಣೆ, ಆರಕ, ಹುರುಳಿಗಳ ಹೊಲಗಳನ್ನು ಶೇಂಗಾ ಆಕ್ರಮಿಸಿತು. ಮಾರಿದರೆ ರೊಕ್ಕ, ಹೊಟ್ಟು ದನಗಳಿಗೆ ಮೇವು, ಕೆಂಪು ಮಸಬು ನೆಲಕ್ಕೆ ಒಗ್ಗುವ ಬೆಳೆ. ಒಂದು ಕಾಲಕ್ಕೆ ಅವಿಭಜಿತ ಅನಂತಪುರ ಜಿಲ್ಲೆಯಲ್ಲಿ ಏಳು ಲಕ್ಷ ಹೆಕ್ಟೇರಿಗೂ ಮಿಕ್ಕಿ ಶೇಂಗಾ ಬಿತ್ತನೆಯಾಗುತ್ತಿತ್ತು. ಒಂದೇ ಬೆಳೆಯನ್ನು ನಂಬಿದ ಜಿಲ್ಲೆಗೆ ಒಂದು ಮಳೆ ತಪ್ಪಿದರೆ ಊರಿಗೆ ಊರೇ ಸಾಲಗಾರ. ಬಿತ್ತನೆಗೆ ಬೇಕಾದ ಕಾಯಿಯೇ ದುಬಾರಿ. ಆದ್ದರಿಂದ ಸರ್ಕಾರ ರಿಯಾಯಿತಿ ದರದಲ್ಲಿ ಬಿತ್ತನೆ ಕಾಯಿ ಹಂಚುವುದು, ಅದಕ್ಕಾಗಿ ಮೃಗಶಿರೆಗೆ ಮೊದಲು ರೈತರು ನಸುಕಿನಿಂದಲೇ ಸಾಲುಗಟ್ಟುವುದು ನಮ್ಮಲ್ಲಿ ವರ್ಷದ ಹಬ್ಬಗಳಷ್ಟೇ ಖಾಯಮ್ಮಾಯಿತು.

1985ರಲ್ಲಿ ಸಮಗ್ರ ಬೆಳೆ ವಿಮಾ ಯೋಜನೆ ಬಂತು. 1999ರ ಹಿಂಗಾರಿನಿಂದ ರಾಷ್ಟ್ರೀಯ ಕೃಷಿ ವಿಮಾ ಯೋಜನೆ. 2016ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ. ಇವುಗಳಲ್ಲಿ ನಷ್ಟವನ್ನು ಲೆಕ್ಕಹಾಕುವ ಬಗೆ ನಮ್ಮ ಸೀಮೆಗೆ ಹೇಗೆ ಒಗ್ಗಲಿಲ್ಲವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮಂಡಲ ಅಥವಾ ಹಳ್ಳಿಯ ಹಿಂದಿನ ಕೆಲವು ವರ್ಷಗಳ ಇಳುವರಿಯ ಸರಾಸರಿಯಿಂದ ಒಂದು ಖಾತರಿ ಇಳುವರಿಯನ್ನು ಗೊತ್ತುಮಾಡುತ್ತಾರೆ. ಈ ವರ್ಷದ ಇಳುವರಿ ಅದಕ್ಕಿಂತ ಎಷ್ಟು ಕಡಿಮೆಯೋ ಆ ಪ್ರಮಾಣದಲ್ಲಿ ಪರಿಹಾರ. ಖಾತರಿ ಇಳುವರಿ ಎಕರೆಗೆ 400 ಕಿಲೋ ಎಂದಿಟ್ಟುಕೊಳ್ಳೋಣ. ಬೆಳೆದದ್ದು 200 ಕಿಲೋ ಆದರೆ ವಿಮೆಯ ಮೊತ್ತದಲ್ಲಿ ಅರ್ಧ ಬರಬೇಕು. ಆದರೆ ಮೂರು ನಾಲ್ಕು ಬರಗಳು ಒಂದರ ಮೇಲೊಂದು ಬಂದು ಸರಾಸರಿಯೇ ಕುಸಿದು ಖಾತರಿ 250 ಕಿಲೋಗೆ ಇಳಿದರೆ, ಅದೇ 200 ಕಿಲೋ ಬೆಳೆದ ರೈತನಿಗೆ ಸಿಗುವುದು ಐದರಲ್ಲೊಂದು ಪಾಲು ಮಾತ್ರ. ಹೆಚ್ಚು ಬರ ಕಂಡವನಿಗೆ ಕಡಿಮೆ ಪರಿಹಾರ! ಲೆಕ್ಕ ಸರಿಯಾಗಿಯೇ ಇದೆ, ನ್ಯಾಯ ಮಾತ್ರ ತಪ್ಪಿದೆ. ಇನ್ನು ಮಂಡಲವನ್ನೇ ಘಟಕವಾಗಿಟ್ಟರೆ, ಹತ್ತಿರದ ಹಳ್ಳಿಗಳಲ್ಲಿ ಮಳೆಯಾಗಿ ತನ್ನ ಹಳ್ಳಿಯಲ್ಲಿ ಆಗದವನು ಸರಾಸರಿಯಲ್ಲಿ ಮುಳುಗಿಹೋಗುತ್ತಾನೆ.

ವಿಮೆಯಲ್ಲದೆ ವಿಪತ್ತು ಪರಿಹಾರ ನಿಧಿಯಿಂದ ಕೊಡುವ ಬಿತ್ತನೆ ವೆಚ್ಚದ ಸಹಾಯವೂ ಉಂಟು. ನಮ್ಮವರು ಇದನ್ನು ಇನ್‌ಪುಟ್ ಸಬ್ಸಿಡಿಯೆಂದೇ ಕರೆಯುತ್ತಾರೆ. 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ನಿಯಮದಂತೆ, ಬೆಳೆ ಶೇಕಡಾ 33ಕ್ಕಿಂತ ಕಡಿಮೆಯಿಲ್ಲದೆ ಹಾಳಾದರೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000 ರೂಪಾಯಿ. ಎರಡು ಹೆಕ್ಟೇರಿಗೆ ಮಿತಿ. ಮಳೆಯಾಶ್ರಿತ ಎಕರೆಗೆ ಸುಮಾರು 3,400 ರೂಪಾಯಿ ಆಯಿತು. ಬೀಜ, ಗೊಬ್ಬರ, ಬಾಡಿಗೆ ಟ್ರ್ಯಾಕ್ಟರ್, ಕಳೆ ಕೀಳಿಸಿದ ಕೂಲಿಗಳನ್ನು ಕೂಡಿಸಿದವರಿಗೆ ಇದರ ತೂಕ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ.

ಸಾಲಮನ್ನಾದಿಂದ ನೇರ ಜಮೆಗೆ

ಸಾಲವನ್ನೇ ತೊಡೆದುಹಾಕುವ ದಾರಿಯನ್ನೂ ಸರ್ಕಾರಗಳು ಹಿಡಿದವು. 1990ರಲ್ಲಿ 10,000 ರೂಪಾಯಿಗಳವರೆಗಿನ ಸಾಲದ ಮನ್ನಾ. 2008ರಲ್ಲಿ ಎರಡು ಹೆಕ್ಟೇರಿನೊಳಗಿನ ಸಣ್ಣ ರೈತರ ಬಾಕಿಗೆ ಪೂರ್ಣ ಮನ್ನಾ, ಉಳಿದವರು ಮುಕ್ಕಾಲು ಪಾಲು ಕಟ್ಟಿದರೆ ಕಾಲು ಪಾಲು ರಿಯಾಯಿತಿ. 2014ರ ನಂತರ ಆಂಧ್ರಪ್ರದೇಶದಲ್ಲಿ ಕುಟುಂಬಕ್ಕೆ ಒಂದೂವರೆ ಲಕ್ಷ ರೂಪಾಯಿಗಳವರೆಗೆ ಕಂತುಗಳಲ್ಲಿ ಮನ್ನಾ. ಇವೆಲ್ಲ ಬ್ಯಾಂಕಿನ ಸಾಲಕ್ಕೆ ಸಂಬಂಧಿಸಿದವು. ಬ್ಯಾಂಕು ಯಾರಿಗೆ ಸಾಲ ಕೊಟ್ಟಿತ್ತು? ಪಟ್ಟಾ ಇದ್ದವನಿಗೆ. ಸಾಹುಕಾರನ ಬಡ್ಡಿಗೆ ತಂದ ಸಾಲಕ್ಕೆ ಮನ್ನಾ ಎಲ್ಲಿಯದು?

2018ರ ಮೇ 10ರಂದು ತೆಲಂಗಾಣ ಸರ್ಕಾರ ಆರಂಭಿಸಿದ ರೈತುಬಂಧು ಯೋಜನೆ ಹೊಸ ದಾರಿಯನ್ನು ತೆರೆಯಿತು. ನಷ್ಟವಾಯಿತೇ, ಸಾಲವಿದೆಯೇ ಎಂದು ಕೇಳದೆ, ಬಿತ್ತನೆಗೆ ಮೊದಲೇ ಎಕರೆಯ ಲೆಕ್ಕದಲ್ಲಿ ಹಣ: ಮೊದಲು ಒಂದು ಹಂಗಾಮಿಗೆ ಎಕರೆಗೆ 4,000, ಮರುವರ್ಷದಿಂದ 5,000 ರೂಪಾಯಿ. ನಾರಾಯಣಪೇಟೆ, ಮಕ್ತಲ್, ಜಹೀರಾಬಾದ್ ಕಡೆಯ ನಮ್ಮ ಕನ್ನಡ ಬಂಧುಗಳು ಇದನ್ನು ಪಡೆದವರೇ. 2019ರ ಫೆಬ್ರವರಿಯಲ್ಲಿ ಕೇಂದ್ರದ ಪಿಎಂ ಕಿಸಾನ್ ಬಂತು: ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ. ಕರ್ನಾಟಕ ಸರ್ಕಾರ ಕೆಲವು ವರ್ಷ ಅದಕ್ಕೆ 4,000 ರೂಪಾಯಿ ಸೇರಿಸಿ ಕೊಟ್ಟು ನಿಲ್ಲಿಸಿತು. ಆಂಧ್ರಪ್ರದೇಶದಲ್ಲಿ 2019ರ ಅಕ್ಟೋಬರಿನಿಂದ ರೈತು ಭರೋಸಾ, ಕೇಂದ್ರದ ಹಣವೂ ಸೇರಿ ವರ್ಷಕ್ಕೆ 13,500. 2025ರ ಆಗಸ್ಟಿನಿಂದ ಅನ್ನದಾತ ಸುಖೀಭವ, ಕೇಂದ್ರದ್ದೂ ಸೇರಿ 20,000 ರೂಪಾಯಿ. ಸರ್ಕಾರಗಳು ಬದಲಾದಂತೆ ಹೆಸರು ಬದಲಾಯಿತು, ಮೊತ್ತ ಬದಲಾಯಿತು. ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಬೀಳುವ ಕ್ರಮ ಮಾತ್ರ ನಿಂತಿತು.

ಎಕರೆಯ ಲೆಕ್ಕಕ್ಕೂ ಕುಟುಂಬದ ಲೆಕ್ಕಕ್ಕೂ ಇರುವ ಅಂತರವನ್ನು ನೋಡಿ. ರೈತುಬಂಧುವಿನಲ್ಲಿ ವರ್ಷಕ್ಕೆ ಎಕರೆಗೆ 10,000ದಂತೆ ಎರಡು ಎಕರೆಯವನಿಗೆ 20,000, ಇಪ್ಪತ್ತು ಎಕರೆಯವನಿಗೆ ಎರಡು ಲಕ್ಷ. ಪಿಎಂ ಕಿಸಾನಿನಲ್ಲಿ ಇಬ್ಬರಿಗೂ 6,000. ಮೊದಲನೆಯದು ಹೊಲಕ್ಕೆ ಕೊಟ್ಟ ಹಣ, ಎರಡನೆಯದು ಮನೆಗೆ ಕೊಟ್ಟ ಹಣ. ನಮ್ಮ ಮಟ್ಟಿಗೆ ಎರಡನೆಯದೇ ಬಡವನಿಗೆ ಹೆಚ್ಚು ಹತ್ತಿರವೆಂದು ತೋರುತ್ತದೆ. ತಿಂಗಳಿಗೆ 10,000 ರೂಪಾಯಿಗೆ ಕಡಿಮೆಯಿಲ್ಲದ ಪಿಂಚಣಿ ಪಡೆಯುವವರನ್ನು ಪಿಎಂ ಕಿಸಾನಿನಿಂದ ಹೊರಗಿಟ್ಟಿದ್ದಾರೆ. ನಮ್ಮಂಥ ನಿವೃತ್ತ ಉಪಾಧ್ಯಾಯರು ಹೊಲವಿದ್ದರೂ ಆ ಪಟ್ಟಿಯಲ್ಲಿಲ್ಲ, ಅದು ನ್ಯಾಯವೇ.

ಕಾಗದ ಯಾರದು, ಬೇಸಾಯ ಯಾರದು

ಮನ್ರೋ ಕಾಲದ ತಕ್ಕಾವಿಯಿಂದ ಇಂದಿನ ಜಮೆಯವರೆಗೆ ಸಹಾಯದ ರೂಪ ಹಲವು ಬಾರಿ ಬದಲಾಗಿದೆ. ಸಾಲವಾಗಿದ್ದದ್ದು ವಿಮೆಯಾಯಿತು, ವಿಮೆಯಾಗಿದ್ದದ್ದು ಕೊಡುಗೆಯಾಯಿತು. ಬದಲಾಗದೆ ಉಳಿದದ್ದು ಒಂದೇ: ಹಣವು ಪಟ್ಟಾವನ್ನು ಹುಡುಕಿಕೊಂಡು ಹೋಗುತ್ತದೆ, ನೇಗಿಲನ್ನಲ್ಲ. ಊರು ಬಿಟ್ಟು ಬೆಂಗಳೂರು, ಬಳ್ಳಾರಿ ಸೇರಿದವರ ಹೊಲಗಳನ್ನು ಊರಿನಲ್ಲುಳಿದವರು ಕೋರಿಗೋ ಗುತ್ತಿಗೆಗೋ ಮಾಡುತ್ತಾರೆ. ಆಂಧ್ರದ ಕಚೇರಿಯ ಭಾಷೆಯಲ್ಲಿ ಇವರು ಕೌಲುದಾರರು. ಮಾತು ಬಾಯಿಮಾತಿನದು, ಕಾಗದವಿಲ್ಲ. ಮಳೆ ಹೋದರೆ ನಷ್ಟ ಇವರದು. ಪರಿಹಾರ ಜಮೆಯಾಗುವುದು ಒಡೆಯನ ಖಾತೆಗೆ. ಒಡೆಯನು ಧರ್ಮಬುದ್ಧಿಯವನಾದರೆ ಹಂಚಿಕೊಳ್ಳುತ್ತಾನೆ, ಅಲ್ಲವಾದರೆ ಕೇಳುವಂತಿಲ್ಲ.

ಇದನ್ನು ಸರ್ಕಾರ ಅರಿಯದೆ ಇಲ್ಲ. 2011ರಲ್ಲಿ ಆಂಧ್ರಪ್ರದೇಶವು ಪರವಾನಿಗೆ ಪಡೆದ ಸಾಗುವಳಿದಾರರ ಕಾಯಿದೆಯನ್ನು ಮಾಡಿ ಕೌಲುದಾರರಿಗೆ ಸಾಲದ ಅರ್ಹತಾ ಕಾರ್ಡು ಕೊಡುವ ಏರ್ಪಾಡು ಮಾಡಿತು. 2019ರಲ್ಲಿ ಅದರ ಸ್ಥಾನಕ್ಕೆ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯಿದೆ ಬಂತು. ಹನ್ನೊಂದು ತಿಂಗಳ ಕರಾರಿನ ಮೇಲೆ ಕಾರ್ಡು, ಭೂಮಿಯ ಒಡೆತನಕ್ಕೆ ಯಾವ ಬಾಧೆಯೂ ಇಲ್ಲ. ರೈತು ಭರೋಸಾದಲ್ಲಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ಮತ್ತು ಅಲ್ಪಸಂಖ್ಯಾತ ವರ್ಗಗಳ ಭೂಮಿಯಿಲ್ಲದ ಕೌಲುದಾರರಿಗೂ ಹಣ ಸಂದಿತು. ಆದರೆ ಕರಾರಿಗೆ ಒಡೆಯನ ಸಹಿ ಬೇಕು. ಸಹಿ ಹಾಕಿದರೆ ಹೊಲವೇ ಹೋದೀತೆಂಬ ಭಯ ಒಡೆಯನಿಗೆ. ಕೇಳಿದರೆ ಮುಂದಿನ ವರ್ಷ ಹೊಲ ಸಿಗದೆಂಬ ಭಯ ಕೌಲುದಾರನಿಗೆ. ಎರಡು ಭಯಗಳ ನಡುವೆ ಕಾಯಿದೆ ಕೂತುಬಿಟ್ಟಿದೆ.

ಗಡಿಯ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ನಮ್ಮ ಅಡಂಗಲ್, 1-ಬಿ ದಾಖಲೆಗಳೆಲ್ಲ ತೆಲುಗಿನಲ್ಲಿ. ಆಧಾರ್ ಮತ್ತು ಬ್ಯಾಂಕಿನ ಹೆಸರು ಇಂಗ್ಲಿಷಿನಲ್ಲಿ. ಮನೆಯಲ್ಲಿ ಕರೆಯುವ ಹೆಸರು ಕನ್ನಡದಲ್ಲಿ. ತೆಲುಗು ಕನ್ನಡ ಲಿಪಿಗಳು ಅಕ್ಕತಂಗಿಯರಂತಿದ್ದರೂ ಹೆಸರಿಡುವ ಪದ್ಧತಿ ಬೇರೆ. ತೆಲುಗಿನವರಿಗೆ ಇಂಟಿಪೇರು ಉಂಟು. ನಮ್ಮಲ್ಲಿ ಅನೇಕರಿಗೆ ತಂದೆಯ ಹೆಸರು, ಊರಿನ ಹೆಸರೇ ಮುಂದೆ. ಅರ್ಜಿಯಲ್ಲಿ ಇಂಟಿಪೇರು ಕೇಳಿದಾಗ ಒಬ್ಬರು ತಂದೆಯ ಹೆಸರನ್ನೂ ಮತ್ತೊಬ್ಬರು ಕುಲದ ಹೆಸರನ್ನೂ ಬರೆಸುತ್ತಾರೆ. ಹನುಮಪ್ಪ ಒಂದು ದಾಖಲೆಯಲ್ಲಿ ಹನುಮಂತಪ್ಪ, ಇನ್ನೊಂದರಲ್ಲಿ ಹನುಮಂತು. ಹಿಂದೆ ಊರ ಕರಣಿಕನಿಗೆ ಇವರೆಲ್ಲ ಒಬ್ಬನೇ ಎಂದು ಗೊತ್ತಿತ್ತು. 1984ರಲ್ಲಿ ಆ ಹುದ್ದೆಗಳೇ ರದ್ದಾದವು. ಗಣಕಯಂತ್ರಕ್ಕೆ ಇವರು ಮೂವರು. 2022ರಿಂದ ಆಧಾರ್ ಗುರುತು ಪರಿಶೀಲನೆ, ಭೂದಾಖಲೆಯ ಜೋಡಣೆಗಳು ಕಡ್ಡಾಯವಾದ ಮೇಲೆ ಕಂತು ನಿಂತುಹೋದವರ ಅಳಲನ್ನು ನಾವು ಊರೂರಿನಲ್ಲಿ ಕೇಳಿದ್ದೇವೆ. ಅಜ್ಜನ ಹೆಸರಿನಲ್ಲೇ ಉಳಿದ ಪಟ್ಟಾಗಳು, ಪೌತಿ ಖಾತೆ ಆಗದ ಹೊಲಗಳು, ಗಂಡ ಸತ್ತ ಮೇಲೆ ತಾನೇ ಬೇಸಾಯ ಮಾಡುತ್ತಿದ್ದರೂ ದಾಖಲೆಯಲ್ಲಿ ಎಲ್ಲೂ ಇಲ್ಲದ ಹೆಣ್ಣುಮಕ್ಕಳು ಈ ಸಾಲಿನಲ್ಲಿ ಸೇರುತ್ತಾರೆ.

ಸಂಘಗಳು ಮಾಡಬಹುದಾದದ್ದು

ಕನ್ನಡ ಸಂಘಗಳು ಭಾಷೆಯ ಉಳಿವಿಗಾಗಿ ದುಡಿಯುತ್ತಿವೆ. ಭಾಷೆ ಉಳಿಯುವುದು ಅದನ್ನಾಡುವವರು ಊರಿನಲ್ಲಿ ಉಳಿದರೆ ಮಾತ್ರ. ಹೊಲ ಕೈಬಿಟ್ಟ ಮನೆಯ ಮಕ್ಕಳು ನಗರ ಸೇರುತ್ತಾರೆ. ಮುಂದೆ ಊರಿನ ಕನ್ನಡ ಶಾಲೆ ಮಕ್ಕಳಿಲ್ಲದೆ ಮುಚ್ಚುತ್ತದೆ. ಆದ್ದರಿಂದ ರೈತನ ದಾಖಲೆಯ ಕೆಲಸವನ್ನು ಸಂಘದ ಕೆಲಸವಲ್ಲವೆಂದು ದೂರವಿಡಬಾರದು. ತೆಲುಗು ಕನ್ನಡ ಎರಡನ್ನೂ ಬಲ್ಲ ನಿವೃತ್ತರು, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ನಮ್ಮ ಪ್ರತಿಯೊಂದು ಊರಿನಲ್ಲೂ ಇದ್ದಾರೆ. ಮುಂಗಾರಿಗೆ ಮೊದಲು ಒಂದು ಭಾನುವಾರ ಗ್ರಾಮ ಸಚಿವಾಲಯದಲ್ಲಿ ಅಂಟಿಸಿದ ಪಟ್ಟಿಯನ್ನು ಊರವರಿಗೆ ಕನ್ನಡದಲ್ಲಿ ಓದಿಹೇಳಿದರೆ, ಆಧಾರ್, ಪಾಸ್‌ಬುಕ್ಕು, 1-ಬಿ ಮೂರರಲ್ಲೂ ಹೆಸರು ಒಂದೇ ಆಗಿದೆಯೇ ಎಂದು ನೋಡಿದರೆ, ಪೌತಿ ಖಾತೆಗೆ ಅರ್ಜಿ ಬರೆದುಕೊಟ್ಟರೆ ಅದು ಕನ್ನಡದ ಸೇವೆಯೇ ಆಗುತ್ತದೆ. ಊರು ಬಿಟ್ಟು ಹೋಗಿ ಹೊಲವನ್ನು ಉಳಿಸಿಕೊಂಡಿರುವ ನಮ್ಮ ಸದಸ್ಯರೂ ಹಲವರಿದ್ದಾರೆ. ಹನ್ನೊಂದು ತಿಂಗಳ ಕರಾರಿಗೆ ಅವರು ಸಹಿ ಹಾಕಿದರೆ ಅವರ ಒಡೆತನಕ್ಕೆ ಚ್ಯುತಿಯಿಲ್ಲ, ದುಡಿಯುವವನಿಗೆ ಆಸರೆಯುಂಟು. ಈ ಮಾತನ್ನು ಸಂಘದ ವೇದಿಕೆಯಿಂದಲೇ ಹೇಳಬೇಕು.

ಹಾಗೆಯೇ ಹಳೆಯ ಕಿಸ್ತು ರಸೀದಿ, ತಕ್ಕಾವಿ ಪತ್ರ, ಸಹಕಾರ ಸಂಘದ ಪುಸ್ತಕಗಳನ್ನು ಗೆದ್ದಲಿಗೆ ಬಿಡದೆ ಸಂಘಕ್ಕೆ ತಂದು ಪ್ರತಿ ತೆಗೆಸಿಡಬೇಕೆಂದು ಮನೆಮನೆಯವರಲ್ಲಿ ನಮ್ಮ ವಿನಂತಿ. ಹೆಂಜೇರಿನ ಶಾಸನಗಳು ಕಲ್ಲಿನಲ್ಲಿದ್ದುದರಿಂದ ಉಳಿದವು. ಈ ಕಾಗದಗಳು ನಾವು ಕಾಪಾಡಿದರೆ ಮಾತ್ರ ಉಳಿಯುತ್ತವೆ. ಮತ್ತು ಸರ್ಕಾರದ ಮುಂದೆ ಬೇಡಿಕೆ ಇಡುವಾಗ ಖಾತೆಗೆ ಬೀಳುವ ಹಣವನ್ನಷ್ಟೇ ಕೇಳದೆ, ಕೆರೆಯ ಹೂಳನ್ನು ತೆಗೆಸಿಕೊಡಿ, ಹಗರಿಯ ನೀರು ಬರುವ ಕಾಲುವೆಗಳನ್ನು ದುರಸ್ತಿಯಲ್ಲಿಡಿ ಎಂದೂ ಕೇಳೋಣ. ಖಾತೆಯ ಹಣ ಪಟ್ಟಾ ಇದ್ದವನಿಗೆ ಮಾತ್ರ ಸೇರುತ್ತದೆ. ಕೆರೆಯ ನೀರು ಪಟ್ಟಾ ಇಲ್ಲದವನ ಬಾಯಾರಿಕೆಯನ್ನೂ ತಣಿಸುತ್ತದೆ.